ಅಕ್ಕಸಾಲಿಗ ಸಂತ ಅಖಾ ಭಗತರು

ಮೂಗುತಿಯೊಂದರ ದೆಸೆಯಿಂದ ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕನು ಪುರಂದರದಾಸರಾದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ದಾಸರ ತರುವಾಯ ಸುಮಾರು ಒಂದು ಶತಮಾನ ಕಳೆದು, ಮಂಜಲ್‌ಪುರದಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ಅಹಮದಾಬಾದಿನಲ್ಲಿ, ಕಂಠಹಾರವೊಂದರ ದೆಸೆಯಿಂದ ಅಕ್ಕಸಾಲಿಗನೊಬ್ಬನು ಸಂತಕವಿಯಾದ ಸಂಗತಿಯಾದರೋ ಕನ್ನಡಿಗರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅಖಾ ಭಗತರ ಜನ್ಮಸ್ಥಳ ಅಹಮದಾಬಾದಿನ ಸಮೀಪದ ಜೇತಲ್‌ಪುರ. ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರು ತಂದೆಯೊಡನೆ ನಗರಕ್ಕೆ ಬಂದು ಕುಲಕಸುಬಿನಲ್ಲಿ ಹೆಸರು ಗಳಿಸಿದರು. ಮುಂದೆ ಒಬ್ಬಳೇ ತಂಗಿಯೂ ಕೈಹಿಡಿದವಳೂ ಒಬ್ಬರಾದ ಮೇಲೊಬ್ಬರು ತೀರಿಕೊಂಡರು.

ಜಮುನಾ ಎಂಬ ಸ್ತ್ರೀಯನ್ನು ಅವರು ಧರ್ಮದ ತಂಗಿಯಾಗಿ ಭಾವಿಸಿದ್ದರಂತೆ. ಆಕೆ 300 ರೂಪಾಯಿ ಒಪ್ಪಿಸಿ ಹಾರವೊಂದನ್ನು ಮಾಡಿಕೊಡಲು ಕೇಳಿದಳು. ಅಣ್ಣನ ವಾತ್ಸಲ್ಯದಿಂದ ಅಖಾ ಅವರು ತಮ್ಮದೇ 100 ರೂಪಾಯಿಯ ಚಿನ್ನವನ್ನು ಸೇರಿಸಿ ಹಾರವನ್ನು ಪೂರೈಸಿದರು. ಲೆಕ್ಕದ ಪುಸ್ತಕದಲ್ಲಿ ಬರೆಯದ ಆ ನೂರು ರೂಪಾಯಿಯೇ ಮುಳುವಾಯಿತು. ಅಕ್ಕಸಾಲಿಗನು ಒಡಹುಟ್ಟಿದವಳ ಚಿನ್ನವನ್ನೂ ಬಿಡನೆಂಬ ಲೋಕದ ಮಾತನ್ನು ನಂಬಿದ ಜಮುನಾ, ಹಾರವನ್ನು ಬೇರೊಬ್ಬನಲ್ಲಿಗೆ ಒಯ್ದು ಕತ್ತರಿಸಿ ಪರೀಕ್ಷಿಸಿದಳು. ಕೊಟ್ಟ ಹಣಕ್ಕಿಂತ ಬೆಲೆ ಹೆಚ್ಚೆಂದು ತಿಳಿದಾಗ ನಾಚಿ, ತುಂಡಾದ ಹಾರವನ್ನು ಸರಿಪಡಿಸಲು ಅಣ್ಣನ ಬಳಿಗೇ ಬಂದಳು. ಪುರಂದರರಿಗೆ ಆಭರಣವು ತಮ್ಮ ಲೋಭವನ್ನೇ ತೋರಿಸಿಕೊಟ್ಟಿತು. ಇಲ್ಲಿ ನಿರ್ದೋಷಿಯ ಪ್ರೀತಿಯೇ ಒರೆಗಲ್ಲಿಗೆ ಏರಿತು. ಈ ನೋವು ಇನ್ನೂ ದಾರುಣವಾದುದೆನ್ನಬೇಕು.

ಮೊಗಲರ ಟಂಕಸಾಲೆಯಲ್ಲಿ ಕೆಲಸದಲ್ಲಿದ್ದಾಗ ನಾಣ್ಯಕ್ಕೆ ಕೀಳು ಲೋಹ ಬೆರೆಸಿದ ಆಪಾದನೆ ಬಂದು, ಸೆರೆಮನೆ ಕಂಡು, ನಿರಪರಾಧಿಯೆಂದು ಬಿಡುಗಡೆಯಾದರೆಂದೂ ಐತಿಹ್ಯವುಂಟು. ಆ ಮೇಲೆ ಕಸುಬಿನ ಉಪಕರಣಗಳನ್ನೆಲ್ಲ ಬಾವಿಗೆ ಎಸೆದು ಗುರುವನ್ನರಸಿ ಹೊರಟರು. ಗೋಕುಲದಲ್ಲಿ ದೀಕ್ಷೆ ಪಡೆದರೂ ಮನಸ್ಸು ತಣಿಯಲಿಲ್ಲ. ಕಾಶಿಯಲ್ಲಿ ಬ್ರಹ್ಮಾನಂದರು ರಾತ್ರಿ ಶಿಷ್ಯನಿಗೆ ವೇದಾಂತ ಹೇಳುತ್ತಿದ್ದಾಗ, ಗುಡಿಸಲ ಹೊರಗೆ ನಿಂತು ಕೇಳಿದರೆಂದೂ, ಒಳಗಿನ ಶಿಷ್ಯ ನಿದ್ದೆಹೋದಾಗ ಹೊರಗಿನಿಂದ ಇವರೇ ಹೂಂಗುಟ್ಟಿದರೆಂದೂ ಭಕ್ತರು ಹೇಳುತ್ತಾರೆ.

ಹಿಂದಿರುಗಿದ ಅಖಾ ಅವರು 1649ರಲ್ಲಿ ‘ಅಖೇಗೀತಾ’ವನ್ನು ರಚಿಸಿದರು. ಆದರೆ ಜನರ ನಾಲಗೆಯಲ್ಲಿ ಉಳಿದಿರುವುವು ಆರು ಸಾಲುಗಳ ‘ಛಪ್ಪಾ’ಗಳು, ಏಳುನೂರಕ್ಕೂ ಮಿಕ್ಕಿ ದೊರೆತಿವೆ. ದಾಸರ ಪದಗಳ ರಾಗತಾಳದ ಲಾಲಿತ್ಯ ಅವುಗಳಿಗಿಲ್ಲ. ಅಲ್ಲಿರುವುದು ಒರಟು ಆಡುಮಾತು, ಗಾದೆಯ ಬಿಗಿ, ಕುಲುಮೆಯ ಕಾವು. ಸಂಪತ್ತಿನ ಪೂಜೆ ತಿಜೋರಿಯ ಮುಂದೆ ಮಾತ್ರ ನಡೆಯುತ್ತದೆಂದು ಅವರು ತಿಳಿಯಲಿಲ್ಲ. ತಿಲಕ, ಜಪಮಾಲೆ, ತೀರ್ಥಸ್ನಾನಗಳನ್ನೂ ಮನುಷ್ಯನು ಒಡವೆಯಂತೆ ತೊಟ್ಟು ಮೆರೆಯುವುದನ್ನು ಕಂಡರು. ಶಿಷ್ಯನ ಹಣವನ್ನು ಕಳೆದು ಭ್ರಾಂತಿಯನ್ನು ಹಾಗೆಯೇ ಉಳಿಸುವ ಗುರುಗಳನ್ನು ನಿರ್ದಾಕ್ಷಿಣ್ಯವಾಗಿ ಲೇವಡಿ ಮಾಡಿದರು. ಚಿನ್ನ ಕೂಡಿಡುವವನೂ ಪುಣ್ಯ ಕೂಡಿಡುವವನೂ ಅವರ ದೃಷ್ಟಿಯಲ್ಲಿ ಒಂದೇ ಅಂಗಡಿಯ ಗಿರಾಕಿಗಳು. ಬೆರಕೆಯನ್ನು ಕಂಡುಹಿಡಿಯುವ ಕಸುಬಿನ ಕಣ್ಣು ಬಾವಿಯ ಪಾಲಾಗಿರಲಿಲ್ಲ.

ಅಹಮದಾಬಾದಿನ ಖಾಡಿಯಾದ ದೇಸಾಯಿ ಪೋಳದಲ್ಲಿ ಅವರು ವಾಸವಾಗಿದ್ದ ಪುಟ್ಟ ಕೋಣೆಗೆ ‘ಅಖಾನೋ ಓರಡೋ’ ಎಂಬ ಹೆಸರಿದೆ. ಚಿನ್ನಾಭರಣಗಳ ಹಳೆಯ ಪೇಟೆಯಾದ ಮಾಣೆಕ್ ಚೌಕಕ್ಕೆ ಅಲ್ಲಿಂದ ನಡೆದೇ ಹೋಗಬಹುದು.