ಹಡಗಿನ ಒಲೆ ಆರಿಸಿದಾತ - ರುಡಾಲ್ಫ್ ಡೀಸೆಲ್

ಸಂಜೆಯ ಹೊತ್ತು ಪಣಂಬೂರಿನ ಕಡಲ ತೀರದಲ್ಲಿ ನಿಂತರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳ ದೀಪಗಳು ಕಾಣುತ್ತವೆ. ಹಡಗು ನಿಂತಿದೆ, ಅದರೊಳಗಿನ ಸಂಸಾರ ನಿಂತಿಲ್ಲ. ಅಡುಗೆಮನೆ, ಶೀತಾಗಾರ, ನೀರಿನ ಪಂಪು, ರೇಡಿಯೋ - ಎಲ್ಲಕ್ಕೂ ವಿದ್ಯುತ್ ಬೇಕು. ನಮ್ಮ ಜಿಲ್ಲೆಯ ಅನೇಕ ಮನೆಗಳ ಮಕ್ಕಳು ಹಡಗಿನ ಕೆಲಸದಲ್ಲಿರುವುದರಿಂದ ಇದು ನಮಗೆ ಹೊರಗಿನ ಸಂಗತಿಯಲ್ಲ. ಆ ವಿದ್ಯುತ್ತಿನ ಹಿಂದಿರುವ ಹೆಸರನ್ನು ನಾವು ದಿನವೂ ಪೆಟ್ರೋಲ್ ಬಂಕಿನಲ್ಲಿ ಉಚ್ಚರಿಸುತ್ತೇವೆ. ಅದು ಒಬ್ಬ ಮನುಷ್ಯನ ಹೆಸರೆಂಬುದು ಮಾತ್ರ ಮರೆತಿದೆ.

ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ. ತಂದೆತಾಯಿ ಜರ್ಮನರು. 1870ರ ಯುದ್ಧದಲ್ಲಿ ಫ್ರಾನ್ಸಿನಿಂದ ಹೊರಬಿದ್ದ ಕುಟುಂಬ ಲಂಡನ್ ಸೇರಿತು. ಹನ್ನೆರಡರ ಬಾಲಕನನ್ನು ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಲಾಯಿತು. ಮುಂದೆ ಮ್ಯೂನಿಕ್ಕಿನಲ್ಲಿ ಓದುವಾಗ, ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲನ್ನೂ ಉಗಿಯಂತ್ರ ಕೆಲಸಕ್ಕೆ ತಾರದೆಂದು ಗುರು ಲಿಂಡೆಯ ಪಾಠದಲ್ಲಿ ಕೇಳಿದ. ಆ ದುಂದು ಅವನ ಮನಸ್ಸನ್ನು ಕೊರೆಯಿತು.

ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾವಿನಲ್ಲಿ ಎಣ್ಣೆ ತಾನಾಗಿ ಹೊತ್ತಿಕೊಳ್ಳಬೇಕು. ಅವನ ಯೋಚನೆ ಇಷ್ಟೇ. 1893ರಲ್ಲಿ ಪೇಟೆಂಟು ದೊರೆಯಿತು. ಅದೇ ವರ್ಷದ ಮೊದಲ ಪರೀಕ್ಷೆಯಲ್ಲಿ ಸ್ಫೋಟವಾಗಿ ಅವನ ಪ್ರಾಣಕ್ಕೇ ಬಂದಿತ್ತು. 1897ರಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಯಂತ್ರ ನೂರಕ್ಕೆ 26 ಪಾಲು ಶಾಖವನ್ನು ಕೆಲಸಕ್ಕೆ ತಂದು ತೋರಿಸಿತು.

ಈ ಮಿತವ್ಯಯ ಹಡಗಿಗೆ ಎಂಥ ಉಪಕಾರ ಮಾಡಿತೆಂಬುದು ಲಂಗರಿನಲ್ಲೇ ಚೆನ್ನಾಗಿ ಕಾಣುವುದು. ತಣ್ಣಗಾದ ಬಾಯ್ಲರಿನಲ್ಲಿ ಮತ್ತೆ ಉಗಿ ಏರಿಸಲು ಹಲವು ಗಂಟೆ ಬೇಕು. ಆದುದರಿಂದ ಉಗಿಹಡಗು ನಿಂತಾಗಲೂ, ನಮ್ಮ ಅಜ್ಜಿಯರು ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟಂತೆ, ಬೆಂಕಿಯನ್ನು ಕಾಯಬೇಕಿತ್ತು. ಹಡಗು ವಿಶ್ರಮಿಸಿದರೂ ಕಲ್ಲಿದ್ದಲು ತಳ್ಳುವವನಿಗೆ ವಿಶ್ರಾಂತಿಯಿಲ್ಲ. ಆ ಕಾಲದ ಬ್ರಿಟಿಷ್ ಹಡಗುಗಳಲ್ಲಿ ಆ ಕೆಲಸಕ್ಕೆ ನಿಂತವರಲ್ಲಿ ಭಾರತೀಯರು ಬಹಳ.

1903ರಲ್ಲಿ ರಷ್ಯದ 'ವಂದಾಲ್' ಎಂಬ ಎಣ್ಣೆಹಡಗಿನಲ್ಲಿ ಡೀಸೆಲ್ ಯಂತ್ರಗಳು ವಿದ್ಯುತ್ ತಯಾರಿಸಿ, ಆ ವಿದ್ಯುತ್ತಿನಿಂದ ಪ್ರೊಪೆಲ್ಲರ್ ತಿರುಗಿತು. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೋಗಿಬಂದಿತು. ಅದಕ್ಕೆ ಹೊಗೆಕೊಳವೆಯೇ ಇಲ್ಲದ್ದನ್ನು ಕಂಡು ಬಂದರಿನವರು ಬೆರಗಾದರು. ವಿದ್ಯುತ್ತಿಗೆಂದು ಅದರಲ್ಲಿ ಬೇರೆಯೇ ಸಣ್ಣ ಡೀಸೆಲ್ ಯಂತ್ರಗಳಿದ್ದವು.

ಇಂದಿಗೂ ಹೆಚ್ಚಿನ ಸರಕು ಹಡಗುಗಳ ಏರ್ಪಾಡು ಅದೇ. ಲಂಗರು ಬಿದ್ದ ಮೇಲೆ ಮನೆಯಷ್ಟೆತ್ತರದ ಮುಖ್ಯ ಯಂತ್ರ ನಿಲ್ಲುತ್ತದೆ. ಮೂರೋ ನಾಲ್ಕೋ ಜನರೇಟರುಗಳಲ್ಲಿ ಒಂದೆರಡು ಓಡಿದರೆ ಸಾಕು. ಇನ್ನೊಂದು, ಓಡುವುದು ಕೆಟ್ಟರೆ ತಾನೇ ಚಾಲೂ ಆಗುವಂತೆ ಕಾದಿರುತ್ತದೆ. ಲಂಗರು ಎತ್ತುವಾಗ ಹೊರೆ ಹೆಚ್ಚುವುದರಿಂದ ಎರಡನ್ನು ಜೊತೆಗೂಡಿಸುತ್ತಾರೆ. ಎಲ್ಲವೂ ಕೈಕೊಟ್ಟರೆಂದು ಮೇಲಿನ ಅಂತಸ್ತಿನಲ್ಲಿ ತುರ್ತು ಜನರೇಟರೂ ಉಂಟು. ಮುಖ್ಯ ಯಂತ್ರವನ್ನಾದರೂ ಪೂರ್ತಿ ಮಲಗಿಸುವಂತಿಲ್ಲ. ಗಾಳಿ ಬಲವಾಗಿ ಲಂಗರು ಜಾರಿದರೆ ಅದು ಬೇಗನೆ ಏಳಬೇಕು. ಅದಕ್ಕಾಗಿ ಬಿಸಿನೀರು ಹರಿಸಿ ಬೆಚ್ಚಗಿಡುತ್ತಾರೆ. ಎಬ್ಬಿಸುವುದು ಸಿಲಿಂಡರಿಗೆ ನುಗ್ಗಿಸುವ ಒತ್ತಿದ ಗಾಳಿಯಿಂದ. ಮಂದ ಎಣ್ಣೆ ಸುಡುವ ಹಡಗಿನಲ್ಲಿ ಅದನ್ನು ಬಿಸಿಯಾಗಿಡಲು ಸಣ್ಣ ಬಾಯ್ಲರೊಂದು ಇರುವುದರಿಂದ, ಒಲೆ ಪೂರ್ತಿ ಆರಿತೆನ್ನುವುದೂ ತಪ್ಪಾದೀತು.

ದುಂದನ್ನು ಸಹಿಸದ ಡೀಸೆಲ್ ಸ್ವಂತ ಹಣದ ವಿಷಯದಲ್ಲಿ ಮಾತ್ರ ಕೈಸೋತ. ಯಂತ್ರ ಅವನನ್ನು ಲಕ್ಷಾಧೀಶನನ್ನಾಗಿ ಮಾಡಿತು. ವ್ಯಾಜ್ಯಗಳೂ ಕೆಟ್ಟ ಹೂಡಿಕೆಗಳೂ ಅದನ್ನು ಕಸಿದುಕೊಂಡವು. ತಲೆನೋವು, ನಿದ್ರಾಹೀನತೆ ಬೆನ್ನು ಬಿಡಲಿಲ್ಲ.

1913ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿಗೆ ಹೋಗಲು ಆಂಟ್ವರ್ಪಿನಲ್ಲಿ 'ಡ್ರೆಸ್ಡೆನ್' ಹಡಗು ಹತ್ತಿದ. ಅದು ಉಗಿಹಡಗು. ರಾತ್ರಿ ಊಟ ಮುಗಿಸಿ, ಬೆಳಗ್ಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದ. ಬೆಳಗ್ಗೆ ಹಾಸಿಗೆ ಹಾಸಿದಂತೆಯೇ ಇತ್ತು. ಟೋಪಿಯೂ ಮೇಲಂಗಿಯೂ ಹಡಗಿನ ಕಟಕಟೆಯ ಬಳಿ ಸಿಕ್ಕಿದವು. ಕೆಲವು ದಿನಗಳ ಬಳಿಕ ಡಚ್ ದೋಣಿಯೊಂದಕ್ಕೆ ಶವ ಸಿಕ್ಕಿತು. ಜೇಬಿನ ಸಾಮಾನುಗಳನ್ನು ತೆಗೆದುಕೊಂಡು ಶವವನ್ನು ಕಡಲಿಗೇ ಬಿಟ್ಟರು. ಆ ಸಾಮಾನುಗಳನ್ನು ನೋಡಿ ಮಗ ತಂದೆಯ ಗುರುತು ಹಿಡಿದ. ಆತ್ಮಹತ್ಯೆಯೆಂದು ಹೆಚ್ಚಿನವರ ಮತ. ಕೊಲೆಯೆಂಬ ಮಾತೂ ಹಬ್ಬಿತು. ನಿರ್ಣಯ ಇಂದಿಗೂ ಆಗಿಲ್ಲ.