ಬೇಲಿ ದಾಟಿದ ಗಣಿತಜ್ಞ: ಆ್ಯಲನ್ ಟ್ಯೂರಿಂಗ್

ಕಂಪ್ಯೂಟರ್ ವಿಜ್ಞಾನದ ನೊಬೆಲ್ ಎಂದೇ ಹೆಸರಾದ ಬಹುಮಾನವೊಂದನ್ನು 1966ರಿಂದ ಕೊಡುತ್ತಾ ಬಂದಿದ್ದಾರೆ. ಅದಕ್ಕೆ ಟ್ಯೂರಿಂಗ್ ಪ್ರಶಸ್ತಿ ಅಂತ ಹೆಸರು. ಯಾರ ಹೆಸರಿನಲ್ಲಿ ಅದು ಇದೆಯೋ ಆ ಮನುಷ್ಯ ಅಷ್ಟರಲ್ಲಿ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು.

ಆ್ಯಲನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮದರಾಸಿನಲ್ಲಿ ಓದುತ್ತಿರುವ ನಮಗೂ ಆ ಮನೆತನಕ್ಕೂ ಒಂದು ನಂಟುಂಟು. ತಂದೆ ಮದರಾಸು ಪ್ರಾಂತದ ಐ.ಸಿ.ಎಸ್. ಅಧಿಕಾರಿ. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರು. ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ಅಪ್ಪನ ನೌಕರಿ ಇಲ್ಲಿ, ಮಕ್ಕಳಿಬ್ಬರು ಅಲ್ಲಿ, ಬೇರೆಯವರ ಮನೆಯಲ್ಲಿ. ಹುಡುಗ ಒಂಟಿಯಾಗಿಯೇ ಬೆಳೆದ. ಶಾಲೆಯಲ್ಲಿ ಸಿಕ್ಕ ಒಬ್ಬನೇ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಆತನೂ 1930ರಲ್ಲಿ ಕ್ಷಯದಿಂದ ಸತ್ತ.

ಕೇಂಬ್ರಿಜ್ಜಿನಲ್ಲಿ ಗಣಿತ ಓದಿ 22ನೇ ವಯಸ್ಸಿಗೇ ಕಿಂಗ್ಸ್ ಕಾಲೇಜಿನ ಫೆಲೋ ಆದ. 1936ರಲ್ಲಿ ಮೊದಲ ದೊಡ್ಡ ಪ್ರಬಂಧ. ಗಣಿತದ ಯಾವುದೇ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಲಾದೀತೇ ಇಲ್ಲವೇ ಅಂತ ಯಾಂತ್ರಿಕವಾಗಿ ತೀರ್ಮಾನಿಸುವ ಒಂದು ದಾರಿ ಇದೆಯೇ? ಇದು ಹಿಲ್ಬರ್ಟನ ಪ್ರಶ್ನೆ. ಇಲ್ಲ ಎಂದು ತೋರಿಸಲು ಟ್ಯೂರಿಂಗ್ ಒಂದು ಯಂತ್ರವನ್ನು ಕಲ್ಪಿಸಿಕೊಂಡ. ಚೌಕ ಹಾಕಿದ ಉದ್ದನೆಯ ಕಾಗದದ ಪಟ್ಟಿ. ಒಂದೊಂದೇ ಚೌಕ ಓದುವುದು, ಬರೆಯುವುದು, ಅಳಿಸುವುದು, ಅಷ್ಟೇ. ಇಂದಿನ ಎಲ್ಲ ಕಂಪ್ಯೂಟರುಗಳ ತತ್ತ್ವ ಆ ಪಟ್ಟಿಯಲ್ಲೇ ಅಡಗಿತ್ತು. ಆದರೆ ಆಗ ಪ್ರತಿ ಕಳಿಸಿ ಎಂದು ಕೇಳಿ ಬಂದದ್ದು ಎರಡೇ ಕಾಗದ ಅಂತ ಆತ ತಾಯಿಗೆ ಬರೆದು ಬೇಸರಪಟ್ಟ.

ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಎನಿಗ್ಮಾ ಗೂಢಲಿಪಿ ಒಡೆಯುವ ಕೆಲಸ. ಅದು ಸರಕಾರಿ ಗುಟ್ಟು. 1970ರ ದಶಕದವರೆಗೆ ಹೊರಬೀಳಲಿಲ್ಲ. ಇಷ್ಟು ವರ್ಷದ ದುಡಿಮೆಗೆ ಆತ ಬದುಕಿರುವಷ್ಟು ಕಾಲ ಎಲ್ಲೂ ಉಲ್ಲೇಖವಿಲ್ಲ!

1950ರಲ್ಲಿ, ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಬಂಧ. ಪ್ರಕಟವಾದದ್ದು ಗಣಿತದ ಪತ್ರಿಕೆಯಲ್ಲಲ್ಲ, ‘ಮೈಂಡ್’ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ.

1952ರದ್ದು ಇನ್ನೂ ಸೋಜಿಗ. ಪ್ರಾಣಿಗಳ ಮೈಮೇಲೆ ಚುಕ್ಕೆ ಹೇಗೆ ಬರುತ್ತೆ? ಒಂದೇ ಸಮನಾದ ಭ್ರೂಣದಲ್ಲಿ ಆಕಾರ ಹೇಗೆ ಮೂಡುತ್ತೆ? ಎರಡು ರಾಸಾಯನಿಕಗಳು ಒಂದರ ಮೇಲೊಂದು ಪ್ರಭಾವ ಬೀರುತ್ತಾ ಬೇರೆ ಬೇರೆ ವೇಗದಲ್ಲಿ ಹರಡಿದರೆ ಸಾಕು, ಸಮನಾಗಿದ್ದದ್ದು ತಾನಾಗಿ ಒಡೆದು ಚುಕ್ಕೆ, ಪಟ್ಟೆ ಮೂಡಬಹುದು ಅಂತ ಆತ ಸಮೀಕರಣ ಬರೆದು ತೋರಿಸಿದ. ಹರಡುವಿಕೆ ಎಲ್ಲವನ್ನೂ ಕಲಸಿ ಒಂದಾಗಿಸುತ್ತೆ ಅಂತಲ್ಲವೇ ನಾವು ಓದಿರೋದು? ಇಲ್ಲಿ ಅದೇ ಬೇಧ ಹುಟ್ಟಿಸುತ್ತದೆ. ಮಾರನೇ ವರ್ಷವೇ ಡಿ.ಎನ್.ಎ. ರಚನೆ ಪತ್ತೆಯಾಗಿ ಜೀವವಿಜ್ಞಾನಿಗಳ ಕಣ್ಣು ಆ ಕಡೆ ಹೊರಳಿತು. ಪ್ರಬಂಧ ಮೂಲೆ ಸೇರಿತು.

ಅದೇ 1952ರಲ್ಲಿ, ಗಂಡಸೊಬ್ಬನೊಡನೆ ಸಂಬಂಧವಿತ್ತು ಎಂಬ ಕಾರಣಕ್ಕೆ ಕೋರ್ಟು ಆತನನ್ನು ಅಪರಾಧಿ ಎಂದಿತು. ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆ. 1954ರ ಜೂನ್ 7ರಂದು ಸಯನೈಡಿನಿಂದ ಸಾವು. ಆತ್ಮಹತ್ಯೆ ಎಂದು ತೀರ್ಪಾಯಿತು. ವಯಸ್ಸು 41.

ಯಾವ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದರು ಎಂದು ಎಣಿಸುವ ಸೈನ್ಸ್ ಸೈಟೇಷನ್ ಇಂಡೆಕ್ಸ್ ಶುರುವಾದದ್ದು 1964ರಲ್ಲಿ. ಮೂಲೆ ಸೇರಿದ್ದ ಪ್ರಬಂಧ ಮೆಲ್ಲಗೆ ಎದ್ದಿತು. 1972ರಲ್ಲಿ ಜರ್ಮನಿಯ ಗೀರರ್ ಮತ್ತು ಮೈನ್‌ಹಾರ್ಟ್ ಅಂಥದೇ ವಿಚಾರವನ್ನು ಬೆಳೆಸಿದರು. 1990ರಲ್ಲಿ ಫ್ರಾನ್ಸಿನ ರಸಾಯನಜ್ಞರು ಅಂಥ ಚುಕ್ಕೆಗಳನ್ನು ಪ್ರಯೋಗಶಾಲೆಯಲ್ಲೇ ಕಂಡರು. 1995ರಲ್ಲಿ ಜಪಾನಿನಲ್ಲಿ, ಮೀನು ಬೆಳೆದಂತೆ ಅದರ ಪಟ್ಟೆಗಳು ಸಮೀಕರಣ ಹೇಳಿದ ಹಾಗೇ ಸರಿಯುವುದನ್ನು ನೋಡಿದರು. ಈಗ ಆತನ ಮೂರೂ ಪ್ರಬಂಧಗಳಿಗೆ ಸಾವಿರಗಟ್ಟಲೆ ಉಲ್ಲೇಖ. ಒಂದಕ್ಕೆ ತರ್ಕದವರು, ಇನ್ನೊಂದಕ್ಕೆ ದಾರ್ಶನಿಕರು, ಮತ್ತೊಂದಕ್ಕೆ ಜೀವವಿಜ್ಞಾನಿಗಳು. ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ, ರಾಣಿಯ ಕ್ಷಮಾದಾನ 2013ರಲ್ಲಿ, 50 ಪೌಂಡಿನ ನೋಟಿನ ಮೇಲೆ ಮುಖ ಬಂದದ್ದು 2021ರಲ್ಲಿ.

ನಮ್ಮಲ್ಲಿ ಪಿ.ಯು.ಸಿ.ಗೇ ಹುಡುಗರನ್ನು ಬೇಲಿಯೊಳಗೆ ಕೂಡಿಹಾಕುತ್ತೇವೆ: ನೀನು ಗಣಿತ, ನೀನು ಜೀವಶಾಸ್ತ್ರ. ಸಂಶೋಧನೆಗೆ ಹೋದವರಿಗೆ ಎರಡೇ ವರ್ಷದಲ್ಲಿ ಎಷ್ಟು ಉಲ್ಲೇಖ ಬಂತು ಎಂಬ ಲೆಕ್ಕ. ಆ ತಕ್ಕಡಿಯಲ್ಲಿ 1954ರ ಟ್ಯೂರಿಂಗನನ್ನು ಇಟ್ಟು ತೂಗಿದ್ದರೆ ಚುಕ್ಕೆಗಳ ಪ್ರಬಂಧ ದಂಡವೆಂದೇ ಆಗುತ್ತಿತ್ತು. ತೂಗುವವರು ತೂಗಲಿ. ಗೆಳೆಯರೇ, ಪಕ್ಕದ ಡಿಪಾರ್ಟ್‌ಮೆಂಟಿನ ಪುಸ್ತಕ ತೆರೆಯೋದಕ್ಕೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಡಿ.