ಇಳಕಲ್ಲಿನ ಗ್ಯಾರೇಜಿನಲ್ಲಿ ನೆನಪಾದ ಮೈಬಾಖ್

ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಹುನಗುಂದದವರೆಗೆ ಹೊಲದ ಹಾದಿಗಳಲ್ಲೇ ಬೈಕ್ ಓಡಿಸಬೇಕೆಂಬ ಹುಚ್ಚು ನನಗೆ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಈ ಸಲ ಅದಕ್ಕೆ ಅಡ್ಡಬಂದದ್ದು ನನ್ನ ಹಳೆಯ ಬೈಕಿನ ಕಾರ್ಬುರೇಟರ್. ಗರಸಿನ ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಏರು ಹತ್ತುವಾಗ ಎಂಜಿನ್ ಕಪ್ಪು ಹೊಗೆ ಉಗುಳಿ ಕೆಮ್ಮುತ್ತಿತ್ತು. ಹುನಗುಂದದಲ್ಲಿ ವಿಚಾರಿಸಿದರೆ, ಇಂಥ ಕೆಲಸಕ್ಕೆ ಈಗ ಯಾರೂ ಕೈಹಾಕುವುದಿಲ್ಲ, ಇಳಕಲ್ಲಿಗೆ ಹೋಗಿ ಎಂದರು.

ಇಳಕಲ್ಲಿನ ಹಿರಿಯ ಮೇಸ್ತ್ರಿಗಳು ಗಾಡಿಯ ಸುತ್ತ ಒಂದು ಸುತ್ತು ಬಂದು, ವಾಸನೆಯಿಂದಲೇ ರೋಗ ಹೇಳಿಬಿಟ್ಟರು: ಫ್ಲೋಟಿನ ಮಟ್ಟ ತಪ್ಪಿದೆ. ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಮಾಡುವ ಕೆಲಸವನ್ನೇ ಕಾರ್ಬುರೇಟರಿನ ಪುಟ್ಟ ಬಟ್ಟಲಿನೊಳಗೆ ಫ್ಲೋಟ್ ಮಾಡುತ್ತದೆ. ಪೆಟ್ರೋಲ್ ಏರಿದಂತೆ ಅದೂ ಏರಿ, ಒಂದು ಸೂಜಿಯನ್ನು ಒತ್ತಿ ಒಳಹರಿವನ್ನು ಮುಚ್ಚುತ್ತದೆ. ಮಟ್ಟ ಹೆಚ್ಚಾದರೆ ಎಂಜಿನ್ನಿಗೆ ಅಜೀರ್ಣ, ಕಡಿಮೆಯಾದರೆ ಉಪವಾಸ. ಡಾಂಬರು ರಸ್ತೆಯಲ್ಲಿ ಹೇಗೋ ನಡೆದುಹೋಗುತ್ತದೆ. ಓರೆಯಾಗಿ, ಕುಪ್ಪಳಿಸುತ್ತ ಸಾಗಬೇಕಾದ ಕಚ್ಚಾ ದಾರಿಯಲ್ಲಿ ಒಂದೆರಡು ಮಿಲಿಮೀಟರಿನ ವ್ಯತ್ಯಾಸವೂ ಕ್ಷಮೆಗೆ ಅರ್ಹವಲ್ಲ. ಮಟ್ಟದ ಬೆಲೆಯನ್ನು ಬಾಗಲಕೋಟೆಯವನಾದ ನನಗೆ ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿಯ ನೀರು 519.60 ಮೀಟರಿನಲ್ಲಿ ನಿಲ್ಲಬೇಕೋ 524.256ಕ್ಕೆ ಏರಬೇಕೋ ಎಂಬ ಲೆಕ್ಕದಲ್ಲೇ ನಮ್ಮ ಮನೆ ಹೊಲಗಳ ಹಣೆಬರಹವಿದೆ.

ಮೇಸ್ತ್ರಿಗಳು ಕಾರ್ಬುರೇಟರನ್ನು ಬಿಚ್ಚುತ್ತಿದ್ದಂತೆ ನನಗೆ ವಿಲ್ಹೆಲ್ಮ್ ಮೈಬಾಖ್ ನೆನಪಾದ. ಇಂದು ಆ ಹೆಸರನ್ನು ಕೇಳಿದವರ ಕಣ್ಣಮುಂದೆ ಕುಬೇರರ ಕಾರೊಂದು ಸುಳಿಯುತ್ತದೆ. ಆದರೆ ಆತ ಹುಟ್ಟಿದ್ದು 1846ರಲ್ಲಿ, ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನ ಬಡಗಿಯ ಮನೆಯಲ್ಲಿ. ಹತ್ತನೆಯ ವಯಸ್ಸಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ. ರಾಯ್ಟ್‌ಲಿಂಗೆನ್ನಿನಲ್ಲಿ ಗುಸ್ತಾವ್ ವೆರ್ನರ್ ಎಂಬ ಧರ್ಮಬೋಧಕರು ನಡೆಸುತ್ತಿದ್ದ ಅನಾಥಾಶ್ರಮ ಆತನನ್ನು ಸಾಕಿತು. ಅಲ್ಲಿ ಊಟದೊಂದಿಗೆ ಕಸುಬೂ ಸಿಗುತ್ತಿತ್ತು. ಹುಡುಗನ ಕೈ ನಕ್ಷೆ ಬಿಡಿಸುವುದರಲ್ಲಿ ಪಳಗಿತು. 1863ರಲ್ಲಿ ಆಶ್ರಮದ ಕಾರ್ಖಾನೆಗೆ ಮೇಲ್ವಿಚಾರಕನಾಗಿ ಬಂದ ಗಾಟ್‌ಲೀಬ್ ಡೈಮ್ಲರ್ ಆ ಕೈಯನ್ನು ಗುರುತಿಸಿದ. ಅಂದಿನಿಂದ ಡೈಮ್ಲರ್ ಹೋದಲ್ಲಿಗೆಲ್ಲ ಮೈಬಾಖ್ ಹೋದ.

1872ರಲ್ಲಿ ಇಬ್ಬರೂ ಕಲೋನಿನ ಬಳಿಯ ಡಾಯ್ಟ್ಸ್ ಎಂಜಿನ್ ಕಾರ್ಖಾನೆಯನ್ನು ಸೇರಿದರು. 1876ರ ನಾಲ್ಕು ಸ್ಟ್ರೋಕಿನ ಎಂಜಿನ್ ಒಟ್ಟೋ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು. ಅದನ್ನು ತಯಾರಿಕೆಗೆ ಹದಗೊಳಿಸಿದವರಲ್ಲಿ ಮೈಬಾಖ್ ಮುಖ್ಯನೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಆ ಎಂಜಿನ್ ಊರಿನ ಗ್ಯಾಸ್ ಕೊಳವೆಗೆ ಕಟ್ಟಿಹಾಕಿದ ದನದಂತಿತ್ತು. ಅದರ ಹಗ್ಗ ಬಿಚ್ಚಿ ಬೀದಿಗೆ ತರುವುದೇ ಮುಂದಿನ ಕೆಲಸವಾಯಿತು.

1882ರಲ್ಲಿ ಡೈಮ್ಲರ್ ಕಾನ್‌ಸ್ಟಾಟ್‌ನಲ್ಲಿ ಮನೆ ಕೊಂಡ. ಅದರ ಹಿತ್ತಲಿನ ಗಾಜಿನ ಮನೆಯೇ ಇಬ್ಬರ ಕಾರ್ಯಾಗಾರ. ಹಗಲಿರುಳು ಬಾಗಿಲು ಮುಚ್ಚಿಕೊಂಡು ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ತೋಟದ ಮಾಲಿ ಪೊಲೀಸರಿಗೆ ದೂರು ಕೊಟ್ಟನಂತೆ. ಬಂದ ಪೊಲೀಸರಿಗೆ ಸಿಕ್ಕಿದ್ದು ಎಂಜಿನ್ ಮಾತ್ರ. 1885ರಲ್ಲಿ ಆ ಎಂಜಿನ್ನನ್ನು ಮರದ ಚೌಕಟ್ಟಿಗೆ ಕೂರಿಸಿ ಇಬ್ಬರೂ ದ್ವಿಚಕ್ರ ವಾಹನವೊಂದನ್ನು ಮಾಡಿದರು. 264 ಸಿಸಿ, ಅರ್ಧ ಅಶ್ವಶಕ್ತಿ, ಗಂಟೆಗೆ ಸುಮಾರು ಹನ್ನೆರಡು ಕಿಲೋಮೀಟರ್ ವೇಗ. ನಮ್ಮ ಹಳ್ಳಿಗಳಲ್ಲಿ ಓಡಿದ ಜಾವಾ, ರಾಜದೂತ್, ಬುಲೆಟ್‌ಗಳಿಗೆಲ್ಲ ಅದೇ ಮೂಲಪುರುಷ. ಪೆಟ್ರೋಲಿನ ಮಟ್ಟ ಕಾಯಲು ಅದರಲ್ಲಾಗಲೇ ಒಂದು ಫ್ಲೋಟ್ ಇತ್ತು.

ಆದರೆ ಆಗಿನ ಕಾರ್ಬುರೇಟರಿನಲ್ಲಿ ಗಾಳಿ ಪೆಟ್ರೋಲಿನ ಮೈಮೇಲೆ ಹಾದು ಅದರ ಆವಿಯನ್ನಷ್ಟೇ ಹೊತ್ತೊಯ್ಯುತ್ತಿತ್ತು. ಹಗುರವಾದ ಅಂಶ ಮೊದಲು ಹಾರಿಹೋಗಿ, ಜಡವಾದದ್ದು ತಳದಲ್ಲಿ ಉಳಿಯುತ್ತಿತ್ತು. ಇದಕ್ಕೆ ಪರಿಹಾರ ದೊರೆತದ್ದು ಮೈಬಾಖ್‌ನ ಬದುಕಿನ ಕಹಿ ದಿನಗಳಲ್ಲಿ. ಡೈಮ್ಲರ್ ಹೆಸರಿನ ಕಂಪನಿಯನ್ನು ಹಣ ಹೂಡಿದವರು ಕೈವಶ ಮಾಡಿಕೊಂಡರು. ಅವರು ಮುಂದಿಟ್ಟ ಷರತ್ತುಗಳನ್ನು ಒಪ್ಪದೆ ಮೈಬಾಖ್ 1891ರಲ್ಲಿ ಹೊರಬಂದ. ಮರುವರ್ಷ ಡೈಮ್ಲರ್‌ನ ಹಣದ ಬೆಂಬಲದಿಂದ, ಖಾಲಿ ಬಿದ್ದಿದ್ದ ಹೋಟೆಲೊಂದರ ನೃತ್ಯಶಾಲೆಯನ್ನು ಬಾಡಿಗೆಗೆ ಹಿಡಿದು ಕೆಲಸಕ್ಕೆ ಕೂತ. 1893ರಲ್ಲಿ ಅಲ್ಲಿಂದ ಹೊರಬಂದದ್ದೇ ಸಿಂಪಡಿಸುವ ಕಾರ್ಬುರೇಟರ್. ಫ್ಲೋಟು ಪೆಟ್ರೋಲನ್ನು ಒಂದು ಸಣ್ಣ ನಳಿಕೆಯ ಬಾಯಿಗಿಂತ ತುಸು ಕೆಳಗೆ ಹಿಡಿದು ನಿಲ್ಲಿಸುತ್ತದೆ. ಎಂಜಿನ್ ಉಸಿರೆಳೆದುಕೊಂಡಾಗ ಮಾತ್ರ ಅದು ಮೇಲೆದ್ದು ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ಆ ತುಸು ಎಂಬುದರಲ್ಲೇ ಎಲ್ಲವೂ ಇದೆ. ಬುಡಾಪೆಸ್ಟಿನ ಬಾಂಕಿ ಮತ್ತು ಚೋಂಕಾ ಎಂಬಿಬ್ಬರು ಅದೇ ವರ್ಷ, ಮೈಬಾಖ್‌ಗಿಂತ ಕೆಲವು ತಿಂಗಳು ಮೊದಲೇ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದರೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಕೀರ್ತಿಯ ಪಾಲುದಾರಿಕೆ ಮೈಬಾಖ್‌ನ ಜಾತಕದಲ್ಲೇ ಇದ್ದಂತೆ ತೋರುತ್ತದೆ.

1895ರಲ್ಲಿ ಕಂಪನಿ ಆತನನ್ನು ಮರಳಿ ಕರೆಸಿಕೊಂಡಿತು. 1900ರ ಮಾರ್ಚಿನಲ್ಲಿ ಡೈಮ್ಲರ್ ತೀರಿಕೊಂಡ. ಆ ವರ್ಷದ ಕೊನೆಯ ಹೊತ್ತಿಗೆ ಮೈಬಾಖ್ ರೂಪಿಸಿದ 35 ಅಶ್ವಶಕ್ತಿಯ ಕಾರು, ಯೆಲಿನೆಕ್ ಎಂಬ ವ್ಯಾಪಾರಿಯ ಮಗಳ ಹೆಸರು ಹೊತ್ತು ಮರ್ಸಿಡಿಸ್ ಆಯಿತು. 1901ರಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಉಳಿದೆಲ್ಲ ಕಾರುಗಳನ್ನು ಹಿಂದಿಕ್ಕಿತು. ಎಂಜಿನ್ ಒಟ್ಟೋನದು, ಕಂಪನಿ ಡೈಮ್ಲರನದು, ಕಾರು ಯಾರದೋ ಮಗಳದು! ಫ್ರೆಂಚರು ಮಾತ್ರ ಆತನನ್ನು ವಿನ್ಯಾಸಕಾರರ ರಾಜನೆಂದು ಕೊಂಡಾಡಿದರು. ತನ್ನವರೇ ಮೂಲೆಗುಂಪು ಮಾಡಿದಾಗ 1907ರಲ್ಲಿ ಶಾಶ್ವತವಾಗಿ ಹೊರನಡೆದ. ಆಮೇಲೆ ಮಗ ಕಾರ್ಲ್‌ನೊಂದಿಗೆ ಕೂಡಿ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡಿದ. ಮೈಬಾಖ್ ಹೆಸರಿನ ಐಷಾರಾಮಿ ಕಾರುಗಳನ್ನು 1921ರಿಂದ ತಯಾರಿಸಿದವನೂ ಆ ಮಗನೇ. ಅನಾಥಾಶ್ರಮದ ಹುಡುಗನಿಗೆ 1916ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಪೀಠ ಗೌರವ ಡಾಕ್ಟರೇಟ್ ನೀಡಿತು. 1929ರ ಡಿಸೆಂಬರ್ 29ರಂದು ಆತ ಕಣ್ಣುಮುಚ್ಚಿದ. ಸಮಾಧಿ ಇರುವುದು ಕಾನ್‌ಸ್ಟಾಟ್‌ನಲ್ಲಿ, ಡೈಮ್ಲರ್ ಮಲಗಿರುವ ರುದ್ರಭೂಮಿಯಲ್ಲೇ.

ಭಾರತದಲ್ಲಿ 2020ರ ಏಪ್ರಿಲ್ ಒಂದರಿಂದ ಬಿಎಸ್-6 ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾಯಿತು, ನಾನು ದೂರುವುದಿಲ್ಲ. ಆದರೆ ಇಳಕಲ್ಲಿನ ಮೇಸ್ತ್ರಿಗಳ ಬಳಿ ಈ ವಿದ್ಯೆ ಕಲಿಯಲು ಈಗ ಹುಡುಗರು ಬರುತ್ತಿಲ್ಲ.

ಅವರು ಕಾರ್ಬುರೇಟರನ್ನು ತಲೆಕೆಳಗು ಮಾಡಿ, ಫ್ಲೋಟಿನ ತಗಡಿನ ನಾಲಿಗೆ ಸೂಜಿಯನ್ನು ಬರೀ ಮುಟ್ಟುವಂತೆ ಓರೆ ಹಿಡಿದು ಎತ್ತರ ಅಳೆದರು. ನಾಲಿಗೆಯನ್ನು ಇಕ್ಕಳದಿಂದ ಸೂಜಿಯ ಕಡೆಗೆ ಕೂದಲೆಳೆಯಷ್ಟು ಬಗ್ಗಿಸಿದರು. ಮತ್ತೆ ಜೋಡಿಸಿ, ಬಟ್ಟಲಿನ ತಳದ ತೂತಿಗೆ ಆಸ್ಪತ್ರೆಯ ಸಲೈನ್ ನಳಿಕೆಯೊಂದನ್ನು ಸಿಕ್ಕಿಸಿ, ಅದನ್ನು ಬಟ್ಟಲಿನ ಪಕ್ಕದಲ್ಲಿ ನೆಟ್ಟಗೆ ಹಿಡಿದು ಪೆಟ್ರೋಲ್ ಬಿಟ್ಟರು. ಅದು ನಳಿಕೆಯಲ್ಲಿ ಏರಿ, ಬಟ್ಟಲಿನ ಅಂಚಿಗಿಂತ ತುಸು ಕೆಳಗೆ ನಿಂತಿತು. ಮೇಸ್ತ್ರಿಗಳು ಒಂದು ನಿಮಿಷ ಅದನ್ನೇ ನೋಡಿದರು. ಆಮೇಲೆ ಕಿಕ್ ಹೊಡೆಯಲು ನನಗೆ ಸನ್ನೆ ಮಾಡಿದರು.